ಕಂಬಕ್ಕೆ ಕಟ್ಟಿದ ಕರಾರು

ಕನ್ನಡದಲ್ಲಿ ‘ದಂಡ’ ಎಂದರೆ ಕೋಲು. ಆ ಕೋಲು ಹಿಡಿದವನಿಗೆ ತೆರಬೇಕಾದ ಹಣವೂ ದಂಡವೇ. ಈ ಎರಡು ಅರ್ಥ ಒಂದೇ ಮಾತಿನಲ್ಲಿ ಸೇರಿಕೊಂಡಿದ್ದು ಸುಮ್ಮನೆ ಅಲ್ಲ. ರಾಜನ ಕೈಯಲ್ಲಿ ದಂಡವಿತ್ತು, ಆದ್ದರಿಂದ ಅವನು ದಂಡ ಹಾಕಬಹುದಿತ್ತು. ಇವತ್ತು ಆ ಅಧಿಕಾರ ಸರ್ಕಾರಕ್ಕೆ, ನ್ಯಾಯಾಲಯಕ್ಕೆ, ಕಾಯ್ದೆ ಕೊಟ್ಟಷ್ಟರ ಮಟ್ಟಿಗೆ ನಗರಪಾಲಿಕೆಗೆ ಬಂದಿದೆ. ಪಕ್ಕದ ಮನೆಯವನಿಗೆ ಅದಿಲ್ಲ, ಅಂಗಡಿಯವನಿಗಿಲ್ಲ, ತನ್ನ ಅಂಗಳ ನೋಡಿಕೊಳ್ಳಲು ಅಂಗಡಿಯವನು ಗೊತ್ತುಮಾಡಿಕೊಂಡ ಕಂಪನಿಗೂ ಇಲ್ಲ. ಆದರೂ ಇಂಗ್ಲೆಂಡಿನಲ್ಲಿ ಸೂಪರ್ ಮಾರ್ಕೆಟ್ಟಿನ ಮುಂದೆಯೋ ಆಸ್ಪತ್ರೆಯ ಹಿಂದೆಯೋ ಕಾರು ನಿಲ್ಲಿಸಿ ಬಂದವರ ಮನೆಗೆ ವಾರ ಹತ್ತು ದಿನದಲ್ಲಿ ಅಂಚೆಯಲ್ಲಿ ಬಂದು ಬೀಳುವ ಕಾಗದಕ್ಕೆ ಎಲ್ಲರೂ ‘ಫೈನ್’ ಎನ್ನುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರ ಬಾಯಲ್ಲೂ ಅದು ದಂಡವೇ. ಹೆಸರು ತಪ್ಪಿದ ಮೇಲೆ ಉಳಿದದ್ದೆಲ್ಲ ತಪ್ಪುತ್ತ ಹೋಗುತ್ತದೆ: ಮೊದಲು ಅಂಜಿಕೆ, ಆಮೇಲೆ ಅವಮಾನ, ಕೊನೆಗೆ ಅವಸರದಲ್ಲಿ ಹಣ ಕಟ್ಟಿ ಕೈತೊಳೆದುಕೊಳ್ಳುವುದು. ಅದು ದಂಡವಲ್ಲ, ಒಂದು ಕರಾರು ಮುರಿದಿದ್ದೀರಿ ಎಂದು ಖಾಸಗಿಯವರು ಮುಂದಿಟ್ಟ ಹಣದ ಬೇಡಿಕೆ. ಕರಾರು ಎಂದ ಮೇಲೆ ಅದರ ಕಟ್ಟುಪಾಡು ಎರಡೂ ಕಡೆಯವರಿಗೆ ಇರಬೇಕು. ಕಾರು ನಿಲ್ಲಿಸಿದವರು ಎರಡು ನಿಮಿಷ ತಪ್ಪಿದ್ದಕ್ಕೆ ಲೆಕ್ಕ ಕೊಡಬೇಕಾದರೆ, ಕಂಪನಿಯೂ ತನ್ನ ಫಲಕಕ್ಕೆ, ಕ್ಯಾಮೆರಾಕ್ಕೆ, ನೋಟಿಸಿನ ತಾರೀಖಿಗೆ ಲೆಕ್ಕ ಕೊಡಬೇಕು. ಆ ಲೆಕ್ಕ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕೇಳಲೇಬೇಕು ಎಂಬುದು ನನ್ನ ವಾದ.

ಆ ಕಾಗದವನ್ನು ಒಮ್ಮೆ ಕಣ್ಣೆದುರು ಹಿಡಿದು ನೋಡಬೇಕು. ಮೇಲ್ಗಡೆ ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಎಂದು ದಪ್ಪಕ್ಷರ. ನಗರಪಾಲಿಕೆ ತನ್ನ ರಸ್ತೆಯಲ್ಲಿ ತಪ್ಪಾಗಿ ನಿಲ್ಲಿಸಿದವರಿಗೆ ಕಾಯ್ದೆಯ ಬಲದಿಂದ ಕೊಡುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಎರಡರ ಮೊದಲಕ್ಷರಗಳನ್ನು ಕೂಡಿಸಿದರೂ ಪಿಸಿಎನ್ ಎಂದೇ ಆಗುತ್ತದೆ. ಒಂದರ ಹಿಂದೆ ಕಾಯ್ದೆಯಿದೆ, ಇನ್ನೊಂದರ ಹಿಂದೆ ಬರಿಯ ವ್ಯಾಪಾರ; ಓದುವವರ ಕಣ್ಣಿಗೆ ಎರಡೂ ಒಂದೇ. ಕೆಳಗೆ ಎರಡು ಫೋಟೊ: ಕಾರು ಒಳಗೆ ಬಂದಾಗ ನಂಬರ್ ಪ್ಲೇಟ್, ಹೊರಗೆ ಹೋದಾಗ ನಂಬರ್ ಪ್ಲೇಟ್, ಎರಡರ ಪಕ್ಕದಲ್ಲೂ ಗಂಟೆ ನಿಮಿಷ ಸೆಕೆಂಡು. ಆಮೇಲೆ ಮೊತ್ತ, ಸಾಮಾನ್ಯವಾಗಿ 100 ಪೌಂಡ್. 14 ದಿನದೊಳಗೆ ಕಟ್ಟಿದರೆ 60. ಇಷ್ಟೂ ಮುಖಪುಟದಲ್ಲಿ ಎದ್ದು ಕಾಣುತ್ತದೆ. ತಕರಾರು ಸಲ್ಲಿಸುವ ಬಗೆ ಹೇಗೆ, ಯಾರ ಹೊಣೆ ಎಷ್ಟು ಎಂಬುದು ಮಾತ್ರ ಬೆನ್ನಿಗೆ, ಸಣ್ಣಕ್ಷರದಲ್ಲಿ. ಪರದೇಶದಲ್ಲಿ ವೀಸಾ ಮೇಲೆ ಇರುವ ವಿದ್ಯಾರ್ಥಿಯೋ ಹೊಸದಾಗಿ ಕೆಲಸಕ್ಕೆ ಸೇರಿದವರೋ ಇದನ್ನು ಬಿಡಿಸಿ ನೋಡಿದಾಗ ಪೊಲೀಸರಿಂದಲೇ ಬಂದಿತೆಂದು ಬೆಚ್ಚಿಬೀಳುವುದು ಸಹಜ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಪರಾಧವಲ್ಲ, ಬಾಡಿಗೆ ಬಾಕಿಯಂಥ ಸಿವಿಲ್ ವ್ಯವಹಾರ.

ಈ ವ್ಯವಹಾರ ಇಲ್ಲಿಗೆ ಹೇಗೆ ಬಂತು ಎಂಬುದು ಗೊತ್ತಿದ್ದರೆ ಕೇಳಬೇಕಾದ ಪ್ರಶ್ನೆಯೂ ಗೊತ್ತಾಗುತ್ತದೆ. 2012ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಖಾಸಗಿ ಜಾಗದವರು ಕಾರಿನ ಚಕ್ರಕ್ಕೆ ಕಬ್ಬಿಣದ ಬೀಗ ಜಡಿಯುತ್ತಿದ್ದರು; ಅವರು ಕೇಳಿದಷ್ಟು ಕೊಟ್ಟರಷ್ಟೇ ಬಿಡುಗಡೆ. ಸ್ಕಾಟ್ಲೆಂಡಿನ ನ್ಯಾಯಾಲಯ ಇದನ್ನು 1992ರಲ್ಲೇ ಸುಲಿಗೆ ಎಂದು ಹೇಳಿಯಾಗಿತ್ತು. ‘ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್’ ಕಾಯ್ದೆ ಬಂದು, 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ವೇಲ್ಸಿನಲ್ಲೂ ಆ ಬೀಗ ನಿಂತಿತು. ಬೀಗ ಕಳೆದುಕೊಂಡ ಉದ್ಯಮಕ್ಕೆ ಸಂಸತ್ತು ಅದೇ ಕಾಯ್ದೆಯ 4ನೇ ಅನುಸೂಚಿಯಲ್ಲಿ ಬೇರೊಂದು ಅನುಕೂಲ ಮಾಡಿಕೊಟ್ಟಿತು. ಕರಾರು ಆಗುವುದು ಕಾರು ಓಡಿಸಿದವರ ಜೊತೆ. ಆದರೆ ಓಡಿಸಿದವರು ಯಾರೆಂದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಕೆಲವು ಷರತ್ತುಗಳನ್ನು ಚಾಚೂ ತಪ್ಪದೆ ಪಾಲಿಸಿದರೆ, ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಂದಲೇ ಹಣ ವಸೂಲಿ ಮಾಡಬಹುದು ಎಂದಿತು. ನೋಂದಣಿ ಇಲಾಖೆ, ಅಂದರೆ ಸ್ವಾನ್ಸಿಯಲ್ಲಿರುವ ಡಿವಿಎಲ್‌ಎ, ಒಂದು ಹೆಸರು ವಿಳಾಸಕ್ಕೆ ಎರಡೂವರೆ ಪೌಂಡ್ ತೆಗೆದುಕೊಂಡು ಕೊಡುತ್ತದೆ. ಈಗೀಗ ಇಂಥ ಕೋರಿಕೆ ವರ್ಷಕ್ಕೆ ಒಂದು ಕೋಟಿಗೂ ಮೀರಿ ಹೋಗುತ್ತಿದೆ. ಸಾರ್ವಜನಿಕರು ಕಾಯ್ದೆಯ ಒತ್ತಾಯಕ್ಕೆ ಸರ್ಕಾರಕ್ಕೆ ಕೊಟ್ಟ ವಿಳಾಸವನ್ನು ಖಾಸಗಿ ಕಂಪನಿಗೆ ತೆರೆದಿಡುವುದು ಸಣ್ಣ ಸವಲತ್ತಲ್ಲ. ಸವಲತ್ತು ಷರತ್ತಿನ ಮೇಲೆ ಸಿಕ್ಕಿರುವಾಗ, ಷರತ್ತು ಪಾಲಿಸಿದ್ದೀರಾ ಎಂದು ಕೇಳಿದರೆ ‘ತಾಂತ್ರಿಕ ನೆಪ ಹುಡುಕುತ್ತಾರೆ’ ಎಂದು ಮೂಗು ಮುರಿಯುವುದು ನ್ಯಾಯವಲ್ಲ.

ಮೊದಲ ಲೆಕ್ಕ ಫಲಕದ್ದು. ಕಾರಿನವರಿಗೂ ಕಂಪನಿಗೂ ಮಾತುಕತೆ ಆಗಿರುವುದಿಲ್ಲ, ಸಹಿ ಬಿದ್ದಿರುವುದಿಲ್ಲ. ಇಡೀ ಕರಾರು ಒಂದು ಕಂಬಕ್ಕೆ ಕಟ್ಟಿದ ಹಲಗೆಯ ಮೇಲಿರುತ್ತದೆ. ಅದನ್ನು ಓದಿಯೂ ಕಾರು ನಿಲ್ಲಿಸಿದ್ದೀರಿ, ಹಾಗಾಗಿ ಒಪ್ಪಿದ್ದೀರಿ ಎಂಬುದು ಕಂಪನಿಯ ವಾದ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಹಾಗೆ. ಈ ವಾದ ಸುಳ್ಳಲ್ಲ. ಆದರೆ ಮೌನ ಸಮ್ಮತಿಯಾಗಬೇಕಾದರೆ ಮೊದಲು ವಿಷಯ ಕಿವಿಗೆ ಬಿದ್ದಿರಬೇಕು, ಇಲ್ಲಿ ಕಣ್ಣಿಗೆ ಬಿದ್ದಿರಬೇಕು. ಬೆಂಗಳೂರಿನ ಲಾ ಕಾಲೇಜಿನ ಮೊದಲ ವರ್ಷದಲ್ಲೇ ಓದಿಸುವ ಥಾರ್ನ್‌ಟನ್ ವಿರುದ್ಧ ಶೂ ಲೇನ್ ಪಾರ್ಕಿಂಗ್ ಮೊಕದ್ದಮೆ ಇದೇ ಮಾತಿನದು, ಅದೂ ಲಂಡನ್ನಿನ ಕಾರು ನಿಲ್ದಾಣವೊಂದರದ್ದೇ. ದೀಪ ಕೆಂಪಿನಿಂದ ಹಸಿರಾಯಿತು, ಯಂತ್ರ ಚೀಟಿ ಹೊರಗೆ ಚಾಚಿತು, ಕಾರು ಒಳಗೆ ಹೋಯಿತು. ಚೀಟಿಯ ಮೂಲೆಯಲ್ಲಿ ‘ಒಳಗೆ ಹಾಕಿರುವ ಷರತ್ತುಗಳಿಗೆ ಒಳಪಟ್ಟಿದೆ’ ಎಂಬ ಸಾಲು; ಷರತ್ತುಗಳು ಇದ್ದದ್ದು ಯಂತ್ರದ ಎದುರಿನ ಕಂಬದ ಮೇಲೆ. ಮೈಗೆ ಪೆಟ್ಟಾದರೂ ನಾವು ಹೊಣೆಯಲ್ಲ ಎಂದು ಅಲ್ಲಿ ಬರೆದಿತ್ತು, ಕಾರಿನವರಿಗೆ ಪೆಟ್ಟೂ ಆಯಿತು. ಯಂತ್ರದ ಮುಂದೆ ಕಾರು ತಂದು ನಿಲ್ಲಿಸಿದಾಗಲೇ ಕರಾರು ಆಗಿಹೋಯಿತು, ಆಮೇಲೆ ಕಂಬ ತೋರಿಸಿದರೆ ನಡೆಯುವುದಿಲ್ಲ ಎಂದರು ಲಾರ್ಡ್ ಡೆನ್ನಿಂಗ್. ಷರತ್ತು ಎಷ್ಟು ಕಠಿಣವೋ ಅಷ್ಟು ಎದ್ದು ಕಾಣುವಂತೆ ಅದನ್ನು ಬರೆಯಬೇಕು ಎಂಬುದು ಅವರು 1956ರಿಂದಲೂ ಹೇಳಿಕೊಂಡು ಬಂದಿದ್ದ ಮಾತು. ಈ ಅಳತೆಗೋಲು ಹಿಡಿದು ಇವತ್ತಿನ ಫಲಕ ನೋಡಿ. ನೀಲಿಯ ಮೇಲೆ ಬಿಳಿಯ ‘ಪಿ’ ಅಕ್ಷರ ಅಂಗೈ ಅಗಲ, ‘2 ಗಂಟೆ ಉಚಿತ’ ಎಂಬುದು ಬೆರಳುದ್ದ. 100 ಪೌಂಡಿನ ಸಾಲು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ? ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ದೇಶದಲ್ಲಿ ಅದರ ಮೇಲೆ ದೀಪ ಇದೆಯೇ? ಕಾರಿನೊಳಗಿಂದ ಕಾಣುತ್ತದೆಯೇ, ಇಲ್ಲವೇ ಇಳಿದು ಹೋಗಿ ಕತ್ತೆತ್ತಿ ಓದಬೇಕೇ? ಇವೆಲ್ಲ ತೀರ್ಪನ್ನೇ ತಿರುಗಿಸಬಲ್ಲ ಪ್ರಶ್ನೆಗಳು. ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ನಾಲ್ಕು ಫೋಟೊ ನಾಲ್ಕು ಪುಟದ ವಾದಕ್ಕಿಂತ ಗಟ್ಟಿ.

ಎರಡನೆಯದು ಕ್ಯಾಮೆರಾದ ಲೆಕ್ಕ. ಫೋಟೊ ಇದೆಯಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಆ ಎರಡು ಫೋಟೊ ಹೇಳುವುದು ಕಾರು ಗೇಟು ದಾಟಿದ ಹೊತ್ತನ್ನು. ಕಾರು ನಿಂತ ಹೊತ್ತನ್ನಲ್ಲ. ಗೇಟಿನಿಂದ ಒಳಗೆ ಬಂದು, ಖಾಲಿ ಜಾಗಕ್ಕಾಗಿ ಎರಡು ಸುತ್ತು ಹಾಕಿ, ಮಗುವನ್ನು ಸೀಟಿನಿಂದ ಇಳಿಸಿ, ಫಲಕ ಓದಿ, ಯಂತ್ರದ ಮುಂದೆ ಸಾಲು ನಿಲ್ಲುವ ಹೊತ್ತೆಲ್ಲ ಆ ಲೆಕ್ಕದೊಳಗೆ ಸೇರಿಬಿಡುತ್ತದೆ. ಹೊರಡುವಾಗ ಶನಿವಾರದ ದಟ್ಟಣೆಯಲ್ಲಿ ಗೇಟಿನ ಬಳಿ ಸಿಕ್ಕಿಕೊಂಡ ಹತ್ತು ನಿಮಿಷವೂ ಸೇರುತ್ತದೆ. 2016ರಲ್ಲಿ ಆಕ್ಸ್‌ಫರ್ಡಿನ ಕೌಂಟಿ ಕೋರ್ಟಿನಲ್ಲಿ ಮೇಲ್ಮನವಿ ಕೇಳಿದ ನ್ಯಾಯಾಧೀಶರು, ವಸತಿ ಸಮುಚ್ಚಯದ ಬಾಗಿಲ ಬಳಿ ಭಾರದ ಸಾಮಾನು ಇಳಿಸಲು ಕಾರು ನಿಲ್ಲಿಸಿದ ನಿವಾಸಿಯ ವಿಷಯದಲ್ಲಿ, ಕಾರು ನಿಂತದ್ದೆಲ್ಲ ‘ಪಾರ್ಕಿಂಗ್’ ಅಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಂಗಡಿಗೆ ಬಂದವರ ನಡುವಿನ ಒಂದು ಫೋಟೊ ತಪ್ಪಿದರೆ, ಕಾರು ಇಡೀ ದಿನ ಅಲ್ಲೇ ಇತ್ತೆಂದು ಯಂತ್ರ ಕೂಡಿಸಿಬಿಡುತ್ತದೆ. ಇನ್ನೊಂದು ಸಣ್ಣ ಸಂಗತಿ ನೋಡಿ. ಬ್ರಿಟಿಷ್ ನಂಬರ್ ಪ್ಲೇಟಿನ ಅಚ್ಚಿನಲ್ಲಿ ಇಂಗ್ಲಿಷಿನ ‘ಓ’ ಅಕ್ಷರವೂ ಸೊನ್ನೆಯೂ ಒಂದೇ ಆಕಾರ. ಹಣ ಕಟ್ಟುವ ಯಂತ್ರದ ಕೀಲಿಮಣೆಯಲ್ಲಿ ಮಾತ್ರ ಎರಡಕ್ಕೂ ಬೇರೆಬೇರೆ ಗುಂಡಿ. ಹಣ ಪೂರ್ತಿ ಕಟ್ಟಿ, ಅಕ್ಷರದ ಬದಲು ಸೊನ್ನೆ ಒತ್ತಿದವರ ಕಾರು ಯಂತ್ರದ ಪಾಲಿಗೆ ಹಣ ಕಟ್ಟದ ಕಾರು. ಇಂಥ ಸಣ್ಣ ತಪ್ಪಿಗೆ ಬಂದ ನೋಟಿಸನ್ನು ತಕರಾರು ಬಂದ ಕೂಡಲೇ ರದ್ದು ಮಾಡಬೇಕೆಂದು ಉದ್ಯಮ ತಾನೇ ಬರೆದುಕೊಂಡ ನಿಯಮಾವಳಿಯಲ್ಲಿದೆ. ಅವಧಿ ಮುಗಿದ ಮೇಲೆ ಹೊರಡಲು 10 ನಿಮಿಷದ ವಿನಾಯಿತಿಯೂ ಅದರಲ್ಲಿದೆ. ಆದರೆ ಈ ಬಗೆಯ ರಿಯಾಯಿತಿ ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೇಳದೆ 60 ಪೌಂಡ್ ಕಟ್ಟಿದವರ ತಪ್ಪು ಸೊನ್ನೆಯನ್ನು ಯಾರೂ ತಾವಾಗಿ ತಿದ್ದುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ: ಬ್ರಿಟನ್ನಿನ ಸುಪ್ರೀಂ ಕೋರ್ಟೇ ಕಂಪನಿಗಳ ಪರ ತೀರ್ಪು ಕೊಟ್ಟಿದೆಯಲ್ಲ? ಕೊಟ್ಟಿದೆ. 2013ರ ಏಪ್ರಿಲಿನಲ್ಲಿ ಚೆಮ್ಸ್‌ಫರ್ಡಿನ ರಿವರ್‌ಸೈಡ್ ಎಂಬ ಅಂಗಡಿ ಸಂಕೀರ್ಣದಲ್ಲಿ ಬ್ಯಾರಿ ಬೀವಿಸ್ ಎಂಬವರು ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ಹೆಚ್ಚಿಗೆ ಕಾರು ಬಿಟ್ಟಿದ್ದರು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಉಚಿತ ಜಾಗದಲ್ಲಿ ಒಂದು ಗಂಟೆ ಹೆಚ್ಚಿಗೆ ನಿಂತರೆ ಯಾರಿಗೂ 85 ಪೌಂಡ್ ನಷ್ಟವಾಗಿಲ್ಲ, ಆದ್ದರಿಂದ ಇದು ಕರಾರಿನ ವೇಷ ತೊಟ್ಟ ದಂಡ ಎಂಬುದು ಬೀವಿಸ್ ವಾದ. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಅದನ್ನು ತಳ್ಳಿಹಾಕಿದರು. ಅಂಗಡಿಗೆ ಬರುವ ಮುಂದಿನವರಿಗೆ ಜಾಗ ಸಿಗುವಂತೆ ನೋಡಿಕೊಳ್ಳುವುದು ನ್ಯಾಯವಾದ ಹಿತಾಸಕ್ತಿ, ಅದಕ್ಕೆ 85 ಪೌಂಡ್ ಅತಿಯಲ್ಲ ಎಂದರು. ಲಾರ್ಡ್ ಟೂಲ್ಸನ್ ಒಬ್ಬರು, ಗ್ರಾಹಕರ ಪಾಲಿಗೆ ಇದು ಅನ್ಯಾಯದ ಷರತ್ತು ಎಂದು ಭಿನ್ನ ತೀರ್ಪು ಬರೆದರು. ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಕೈಲಾಸ್ ನಾಥ್ ಮೊಕದ್ದಮೆಯಲ್ಲಿ 1872ರ ಕರಾರು ಕಾಯ್ದೆಯ 74ನೇ ಕಲಮನ್ನು ಓದಿದ್ದು ಬೇರೆಯೇ ದಾರಿಯಲ್ಲಿ: ಕಾಗದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದು ಮೇಲ್ಮಿತಿ ಮಾತ್ರ, ಕೈಗೆ ಸಿಗುವುದು ಯುಕ್ತವೆನಿಸುವ ಪರಿಹಾರ, ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. ಇಂಗ್ಲಿಷರೇ ಬರೆದಿಟ್ಟು ಹೋದ ಕಾಯ್ದೆ ಅವರ ಮನೆಯ ಕಾನೂನಿಗಿಂತ ಸಾಮಾನ್ಯರಿಗೆ ಹತ್ತಿರವಾಗಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಚೆಮ್ಸ್‌ಫರ್ಡಿನ ಕಾರಿಗೆ ನಮ್ಮ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ಬೀವಿಸ್ ತೀರ್ಪೇ ಕಾನೂನು.

ಹಾಗಿದ್ದರೆ ಆ ತೀರ್ಪನ್ನು ಪೂರ್ತಿ ಓದಬೇಕು. ಅದು ಎಲ್ಲ ನೋಟಿಸಿಗೂ ಒತ್ತಿದ ಮುದ್ರೆಯಲ್ಲ. ಆ ಅಂಗಳದಲ್ಲಿ ಸುಮಾರು 20 ಫಲಕಗಳಿದ್ದವು, ದೊಡ್ಡವು, ಎದ್ದು ಕಾಣುವಂಥವು, 85 ಪೌಂಡ್ ಎಂಬುದು ಸ್ಪಷ್ಟವಾಗಿತ್ತು ಎಂಬುದನ್ನು ನ್ಯಾಯಮೂರ್ತಿಗಳು ತೂಗಿ ನೋಡಿಯೇ ತೀರ್ಮಾನಿಸಿದರು. ಜಾಗದ ಹಿಂದೆ ಅರ್ಥವಿರುವ ಒಂದು ಉದ್ದೇಶ ಇದ್ದದ್ದನ್ನೂ ತೂಗಿದರು. ಬಳ್ಳಿ ಮುಚ್ಚಿದ ಒಂದೇ ಫಲಕವಿರುವ ಹಿತ್ತಿಲಿನಲ್ಲಿ, ರಾತ್ರಿ ಹತ್ತಕ್ಕೆ, ಖಾಲಿ ಅಂಗಳದಲ್ಲಿ ಆ ತೀರ್ಪನ್ನು ಯಾರಾದರೂ ತೋರಿಸಿದರೆ, ತೀರ್ಪಿನಲ್ಲಿದ್ದುದು ಇಲ್ಲಿ ಯಾವುದಿದೆ ಎಂದು ಮರುಪ್ರಶ್ನೆ ಹಾಕಬಹುದು. ಆ 85 ಪೌಂಡಿನೊಳಗೇ ಕಂಪನಿಯ ನಿರ್ವಹಣೆಯ ಖರ್ಚೂ ಲಾಭವೂ ಸೇರಿದೆ ಎಂಬುದೂ ಆ ಮೊಕದ್ದಮೆಯಲ್ಲಿ ಬಂದ ಸಂಗತಿ. ಆಮೇಲೆ ‘ಸಾಲ ವಸೂಲಿ’ ಎಂಬ ಹೆಸರಿನಲ್ಲಿ ಬರುವ ಪತ್ರಗಳು ಮೊತ್ತಕ್ಕೆ 70 ಪೌಂಡ್ ಸೇರಿಸುತ್ತವಲ್ಲ, ಅದಕ್ಕೆ ಈ ತೀರ್ಪಿನಲ್ಲಿ ಆಧಾರ ಹುಡುಕುವುದು ಕಷ್ಟ. 2012ರ ಕಾಯ್ದೆಯಂತೂ, ವಾಹನದ ನೋಂದಾಯಿತ ವ್ಯಕ್ತಿಯಿಂದ ಕೇಳಬಹುದಾದ್ದು ಮೊದಲ ನೋಟಿಸಿನಲ್ಲಿ ಬರೆದ ಮೊತ್ತವಷ್ಟೇ ಎಂದು ಕಟ್ಟು ಹಾಕಿದೆ. ಆ ವಸೂಲಿ ಪತ್ರಗಳ ಕೆಂಪಕ್ಷರ ನೋಡಿ ಮನೆಯವರು ನಿದ್ದೆಗೆಡುತ್ತಾರೆ. ಬರೆದವರಿಗೆ ಮನೆಯೊಳಗೆ ನುಗ್ಗುವ ಅಧಿಕಾರವಾಗಲಿ, ಸಾಮಾನು ಜಪ್ತಿ ಮಾಡುವ ಅಧಿಕಾರವಾಗಲಿ ಇಲ್ಲ. ಕೋರ್ಟು ತೀರ್ಪು ಕೊಟ್ಟು, ಆ ಹಣ ಕಟ್ಟದೆ ಉಳಿದಾಗ ಮಾತ್ರ ಜಪ್ತಿಯ ಮಾತು.

ಮೂರನೆಯ ಲೆಕ್ಕ ತಾರೀಖಿನದು. ಕಾರಿನ ಗಾಜಿಗೆ ಚೀಟಿ ಅಂಟಿಸದೆ ಬರಿಯ ಕ್ಯಾಮೆರಾ ನಂಬಿದ ನೋಟಿಸು, ಕಾರು ನಿಂತಿದ್ದ ದಿನದ ಮರುದಿನದಿಂದ ಎಣಿಸಿ 14 ದಿನದೊಳಗೆ ಮನೆಗೆ ತಲುಪಿರಬೇಕು. 1ನೇ ತಾರೀಖು ನಿಲ್ಲಿಸಿದ್ದರೆ 15ರೊಳಗೆ. ಅಂಚೆಗೆ ಹಾಕಿದ ಎರಡನೆಯ ಕೆಲಸದ ದಿನಕ್ಕೆ ತಲುಪಿತೆಂದು ಲೆಕ್ಕ. ಅಲ್ಲವೆಂದು ತೋರಿಸಲು ಅವಕಾಶವಿದೆ. ತಡವಾಗಿ ಬಂದರೆ ನೋಂದಣಿಯ ಹೆಸರಿನವರ ಮೇಲೆ ಹೊಣೆ ಹೊರಿಸುವ ದಾರಿ ಮುಚ್ಚಿತು, ಓಡಿಸಿದವರನ್ನೇ ಹುಡುಕಬೇಕು. ಓಡಿಸಿದವರು ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಇದು ಅಪ್ರಾಮಾಣಿಕತೆಯಲ್ಲವೇ ಎಂದು ಸಭ್ಯರು ಕೇಳುತ್ತಾರೆ. ನಾನು ಈ ಪ್ರಶ್ನೆಯನ್ನು ಹಗುರವಾಗಿ ನೋಡುವುದಿಲ್ಲ. ಸುಳ್ಳು ಹೇಳುವುದು ಬೇರೆ, ಹೇಳಬೇಕಾಗಿಲ್ಲದ್ದನ್ನು ಹೇಳದಿರುವುದು ಬೇರೆ. ಓಡಿಸಿದ್ದು ನಾನಲ್ಲ ಎಂದು ಸುಳ್ಳು ಬರೆದರೆ ಅದು ತಪ್ಪು, ಕೋರ್ಟಿನ ಕಾಗದದಲ್ಲಿ ಬರೆದರೆ ಶಿಕ್ಷೆಗೂ ದಾರಿ. ಆದರೆ ತನ್ನ ಬೇಡಿಕೆಯನ್ನು ತಾನೇ ಸಾಬೀತು ಮಾಡುವುದು ಬೇಡಿಕೆ ಇಟ್ಟವರ ಹೊಣೆ. ಅದಕ್ಕಾಗಿ ಸಂಸತ್ತು ಸುಲಭದ ದಾರಿ ಮಾಡಿಕೊಟ್ಟಿದೆ, ಎರಡು ವಾರದ ಗಡುವಿನೊಂದಿಗೆ. ಗಡುವು ತಪ್ಪಿದ ಕಂಪನಿಗೆ ಎದುರಿನವರು ಮುಂದೆ ಬಂದು ಸಾಕ್ಷಿ ಒದಗಿಸಲಿ ಎಂದು ನಿರೀಕ್ಷಿಸುವುದು, ಒಂದು ನಿಮಿಷದ ಗಡುವು ತಪ್ಪಿದ್ದಕ್ಕೆ 100 ಪೌಂಡ್ ಕೇಳುವವರ ಬಾಯಿಗೆ ಒಪ್ಪುವ ಮಾತಲ್ಲ. ತಕರಾರು ಪತ್ರದಲ್ಲಿ ‘ನಾನು ಕಾರು ನಿಲ್ಲಿಸಿದೆ’ ಎನ್ನುವ ಬದಲು ‘ಕಾರು ನಿಂತಿತ್ತು’ ಎಂದು ಬರೆಯಲು ತಿಳಿದವರು ಹೇಳಿಕೊಡುವುದು ಇದಕ್ಕೇ.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮವರಿಗೆ ಹಾಲಿನ ಜೊತೆಗೇ ಬಂದದ್ದು. ಜಮೀನಿನ ವ್ಯಾಜ್ಯಕ್ಕೆ ಮೂರು ತಲೆಮಾರು ಕೋರ್ಟು ಮೆಟ್ಟಿಲು ಹತ್ತಿಳಿದ ಮನೆತನಗಳನ್ನು ಕಂಡವರಿಗೆ 60 ಪೌಂಡ್ ಕೊಟ್ಟು ಪೀಡೆ ಕಳೆದುಕೊಳ್ಳುವುದೇ ಜಾಣತನವೆಂದು ತೋರುವುದು ಸಹಜ. ಆದರೆ ಇಲ್ಲಿ ಕೋರ್ಟಿಗೂ ಮೊದಲು ಹಲವು ಮೆಟ್ಟಿಲುಗಳಿವೆ, ಒಂದಕ್ಕೂ ದುಡ್ಡಿಲ್ಲ. ಅಂಗಡಿಯಲ್ಲಿ ಸಾಮಾನು ಕೊಂಡ ಬಿಲ್ಲಿದ್ದರೆ ಅಂಗಡಿಯ ಮ್ಯಾನೇಜರಿಗೆ ತೋರಿಸಿ ರದ್ದು ಮಾಡಿಸಿ ಎನ್ನಬಹುದು. ಜಾಗ ಅವರದು, ಕಂಪನಿ ಅವರು ಇಟ್ಟುಕೊಂಡದ್ದು. ಕಂಪನಿಗೇ ತಕರಾರು ಬರೆಯಬಹುದು. ಅವರು ತಳ್ಳಿಹಾಕಿದರೆ, ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿಗೆ ಸೇರಿದ ಕಂಪನಿಯಾದರೆ 28 ದಿನದೊಳಗೆ ಪಾಪ್ಲಾ ಎಂಬ ಮೇಲ್ಮನವಿ ಸಂಸ್ಥೆಗೆ ಹೋಗಬಹುದು. ಅದರ ತೀರ್ಮಾನಕ್ಕೆ ಕಂಪನಿ ಕಟ್ಟುಬೀಳಬೇಕು, ದೂರುದಾರರು ಕಟ್ಟುಬೀಳಬೇಕಾಗಿಲ್ಲ. ಅಲ್ಲಿ ಕಷ್ಟ ಸುಖ ಹೇಳಿಕೊಂಡು ಪ್ರಯೋಜನವಿಲ್ಲ. ಅಮ್ಮನಿಗೆ ಹುಷಾರಿರಲಿಲ್ಲ ಎಂಬುದು ಅಂಗಡಿಯವರ ಮನ ಕರಗಿಸೀತು. ಮೇಲ್ಮನವಿಯವರು ನೋಡುವುದು ಫಲಕ, ಹೊತ್ತು, ನೋಟಿಸಿನ ಒಕ್ಕಣೆ, ಜಾಗದ ಒಡೆಯರು ಕಂಪನಿಗೆ ಕೊಟ್ಟ ಅಧಿಕಾರಪತ್ರ, ಇಷ್ಟನ್ನೇ. ಕೊನೆಗೆ ದಾವೆ ಬಿದ್ದರೂ ಅದು ಸಣ್ಣ ಮೊತ್ತದ ದಾವೆ. ಕೋರ್ಟು ಶುಲ್ಕ 35 ಪೌಂಡ್, ವಕೀಲರ ನಿಗದಿತ ಖರ್ಚು 50 ಪೌಂಡ್, ವಿಚಾರಣೆಗೆ ಬಂದರೆ ಅದರದ್ದೊಂದು ಸಣ್ಣ ಶುಲ್ಕ, ಹೀಗೆ ಸೋಲಿನ ಭಾರಕ್ಕೆ ಒಂದು ಮಿತಿಯಿದೆ. ನಡತೆ ಅತಿರೇಕವಾಗದ ಹೊರತು ಎದುರಾಳಿಯ ವಕೀಲರ ಪೂರ್ತಿ ಫೀಸು ತಲೆಗೆ ಬರುವುದಿಲ್ಲ. ಗಾದೆ ಹುಟ್ಟಿದ ಕೋರ್ಟು ಇದಲ್ಲ.

ಇದಕ್ಕೆ ನೇರ ವಿರುದ್ಧದ ಸಲಹೆಯೊಂದು ಓಡಾಡುತ್ತದೆ, ಹರಿದು ಬಿಸಾಕಿ ಎಂದು. ಹೆಸರಿನವರ ಮೇಲೆ ಹೊಣೆ ಇಲ್ಲದಿದ್ದ 2012ಕ್ಕೆ ಮುಂಚಿನ ಕಾಲದಲ್ಲಿ ಆ ಸಲಹೆಗೆ ಸ್ವಲ್ಪ ಅರ್ಥವಿತ್ತು. ಇವತ್ತು ಅದು ಹಣ ಕಟ್ಟಿಬಿಡುವುದಕ್ಕಿಂತಲೂ ಅಪಾಯ. ಕೋರ್ಟಿನ ನಮೂನೆ ಬಂದ ಮೇಲೆ ಸುಮ್ಮನಿದ್ದರೆ ಮೌನ ನಿಜಕ್ಕೂ ಸಮ್ಮತಿಯಾಗುತ್ತದೆ: ಏಕಪಕ್ಷೀಯ ತೀರ್ಪು. ತಿಂಗಳೊಳಗೆ ಹಣ ಕಟ್ಟದಿದ್ದರೆ ಆ ತೀರ್ಪು ಆರು ವರ್ಷ ದಾಖಲೆಯಲ್ಲಿ ನಿಂತು ಮನೆ ಸಾಲ, ಬಾಡಿಗೆ ಮನೆ, ಮೊಬೈಲ್ ಕರಾರು ಎಲ್ಲದಕ್ಕೂ ಅಡ್ಡ ಬರುತ್ತದೆ. ಮನೆಯಿಂದ ಮನೆಗೆ ಸಾಗುವ ವಲಸಿಗರಿಗೆ ಇದು ಹೆಚ್ಚು ಹತ್ತಿರದ ಭಯ. ರೆಡ್ಡಿಂಗಿನಿಂದ ಲೀಡ್ಸಿಗೆ ಕೆಲಸ ಬದಲಾಯಿಸಿದವರು ಬ್ಯಾಂಕಿಗೆ ವಿಳಾಸ ಕೊಡುತ್ತಾರೆ, ಕಾರಿನ ನೋಂದಣಿ ಪುಸ್ತಕದಲ್ಲಿ ಬದಲಾಯಿಸಲು ಮರೆಯುತ್ತಾರೆ. ನೋಟಿಸು, ಜ್ಞಾಪನಪತ್ರ, ದಾವೆಯ ನಮೂನೆ ಎಲ್ಲವೂ ಹಳೆಯ ಬಾಗಿಲ ಚಾಪೆಯ ಮೇಲೆ ಬಿದ್ದಿರುತ್ತವೆ. ಇವರಿಗೆ ತಿಳಿಯುವುದು ಮನೆ ಸಾಲದ ಅರ್ಜಿ ತಿರಸ್ಕೃತವಾದಾಗ. ಆ ತೀರ್ಪು ರದ್ದುಮಾಡಿ ಎಂದು ಕೇಳುವ ಅರ್ಜಿಯ ಶುಲ್ಕವೇ ಮೂಲ ನೋಟಿಸಿನ ಮೊತ್ತಕ್ಕಿಂತ ಹೆಚ್ಚು. ಉತ್ತರ ಕೊಡಬೇಕು, ಗಡುವಿನೊಳಗೆ ಕೊಡಬೇಕು, ಕೊಟ್ಟದ್ದಕ್ಕೆ ಗುರುತು ಇಟ್ಟುಕೊಳ್ಳಬೇಕು. ಅಂಚೆ ಕಚೇರಿಯಲ್ಲಿ ಪತ್ರ ಹಾಕಿದ್ದಕ್ಕೆ ರಸೀತಿ ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ.

ಉಳಿದದ್ದು ಜಾಗದ ಒಡೆಯರ ಮಾತು, ಅದರಲ್ಲಿ ಸತ್ಯವಿದೆ. ರೈಲು ನಿಲ್ದಾಣದ ಪಕ್ಕದ ಅಂಗಡಿಯ ಅಂಗಳವನ್ನು ಕಾವಲಿಲ್ಲದೆ ಬಿಟ್ಟರೆ ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಹೋಗುವವರ ಕಾರುಗಳಿಂದ ತುಂಬುತ್ತದೆ, ಹಾಲು ಬ್ರೆಡ್ಡಿಗೆ ಬಂದ ಮುದುಕರಿಗೆ ಜಾಗವಿರುವುದಿಲ್ಲ. ಅಂಗವಿಕಲರ ಜಾಗದಲ್ಲಿ ಗಟ್ಟಿಮುಟ್ಟಾದವರು ಕಾರು ನಿಲ್ಲಿಸಿ ಹೋಗುವುದನ್ನು ಸಮರ್ಥಿಸಲು ಯಾರಿಂದಲೂ ಆಗದು. ಅಂಥವರು ಹಣ ಕಟ್ಟಲಿ. ಆದರೆ ಅಂಗಳ ಕಾಯುವವರ ಆದಾಯವೇ ಜನ ತಪ್ಪುವುದರಿಂದ ಬರುವಂತಿದ್ದರೆ ಕಾವಲು ಬೇಟೆಯಾಗುತ್ತದೆ. ಚೆಮ್ಸ್‌ಫರ್ಡಿನಲ್ಲಿ ಕಂಪನಿಯೇ ಜಾಗದವರಿಗೆ ವಾರಕ್ಕೆ 1,000 ಪೌಂಡ್ ಕೊಟ್ಟು ಆ ಹಕ್ಕು ಪಡೆದಿತ್ತು. ಎಲ್ಲರೂ ಗಡುವಿನೊಳಗೆ ಹೊರಟುಬಿಟ್ಟರೆ ಆ ಹಣ ಎಲ್ಲಿಂದ ಹುಟ್ಟಬೇಕು? ಇದಕ್ಕೆ ಕಡಿವಾಣ ಬೇಕೆಂದೇ ಸರ್ ಗ್ರೆಗ್ ನೈಟ್ ಎಂಬ ಸಂಸದರು ತಂದ ಮಸೂದೆ 2019ರ ಮಾರ್ಚಿನಲ್ಲಿ ಕಾಯ್ದೆಯಾಯಿತು. 2022ರ ಫೆಬ್ರುವರಿಯಲ್ಲಿ ಸರ್ಕಾರದ ನಿಯಮಾವಳಿ ಹೊರಬಂತು, ಹೆಚ್ಚಿನ ಕಡೆಗಳಲ್ಲಿ 50 ಪೌಂಡಿನ ಮಿತಿ, ವಸೂಲಿಯ ಹೆಚ್ಚುವರಿ ಶುಲ್ಕಕ್ಕೆ ನಿಷೇಧ. ಉದ್ಯಮದವರು ಕೋರ್ಟಿಗೆ ಹೋದರು, ಜೂನಿನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2024ರ ಅಕ್ಟೋಬರಿನಲ್ಲಿ ಉದ್ಯಮದ ಎರಡು ಸಂಘಗಳು ಕೂಡಿ ತಮ್ಮದೇ ನಿಯಮಾವಳಿ ಜಾರಿಗೆ ತಂದವು, ಮಿತಿ 100 ಪೌಂಡಿನಲ್ಲೇ ಉಳಿಯಿತು. 2025ರ ಜುಲೈನಲ್ಲಿ ಸರ್ಕಾರ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಹೊರಟಿತು. ಈ ನಡುವೆ ಡರ್ಬಿಯಲ್ಲಿ ಒಬ್ಬ ಮಹಿಳೆಯಿಂದ ಹತ್ತು ನೋಟಿಸು ಸೇರಿಸಿ 1,906 ಪೌಂಡ್ ಕೇಳಲಾಗಿತ್ತು. ಆಕೆ ಪ್ರತಿ ಸಲವೂ ಹಣ ಕಟ್ಟಿದ್ದರು. ಮೊಬೈಲ್ ಸಿಗ್ನಲ್ ಸಿಗದೆ, ಒಳಗೆ ಬಂದ ಐದು ನಿಮಿಷದೊಳಗೆ ಕಟ್ಟಲಾಗಿರಲಿಲ್ಲ ಎಂಬುದಷ್ಟೇ ತಪ್ಪು. ಆಕೆ ಹಣ ಕಟ್ಟಲು ಒಪ್ಪದೆ ಎದುರು ನಿಂತರು, ಸುದ್ದಿಯಾಯಿತು, ಕಂಪನಿಯವರು ದಾವೆ ಕೈಬಿಟ್ಟರು. 2025ರ ಫೆಬ್ರುವರಿಯಲ್ಲಿ ಸಂಘಗಳು ತಮ್ಮ ನಿಯಮಾವಳಿ ತಿದ್ದಿದವು: ಕ್ಯಾಮೆರಾ ಇರುವ ಅಂಗಳದಲ್ಲಿ, ಹೊರಡುವ ಮುಂಚೆ ಹಣ ಕಟ್ಟಿದ್ದರೆ ಸಾಕು.